ಊರ್ ನಗರದ ಮಣ್ಣು ಹೇಳುವ ಪಾಠ

ಹೊಳೆ ಉಕ್ಕಿ ಇಳಿದ ಮೇಲೆ ಗದ್ದೆಯಲ್ಲಿ ಉಳಿಯುವ ಮೆಕ್ಕಲು ಮಣ್ಣನ್ನು ನೀವು ನೋಡಿರಬಹುದು. ಅಂಥ ಮಣ್ಣಿನ ಪದರವೊಂದು ಸಾವಿರಾರು ವರ್ಷಗಳ ಇತಿಹಾಸವನ್ನು ಕಾಪಾಡಿದೆಯೆಂದರೆ ಅಚ್ಚರಿಯಲ್ಲವೇ?

ದಕ್ಷಿಣ ಇರಾಕಿನ ಪ್ರಾಚೀನ ನಗರ ಊರ್‌ನಲ್ಲಿ 1922ರಿಂದ 1934ರವರೆಗೆ ಉತ್ಖನನ ನಡೆಸಿದವರು ಲಿಯೊನಾರ್ಡ್ ವೂಲಿ. ಅವರು ತೋಡಿಸಿದ ಆಳದ ಗುಂಡಿಯಲ್ಲಿ ಮಡಕೆಚೂರುಗಳು ನಿಂತು, ಬರಿಯ ಮೆಕ್ಕಲು ಕಾಣಿಸಿತು. ತಳ ಸಿಕ್ಕಿತೆಂದು ಕೆಲಸಗಾರರು ಹೇಳಿದರೂ ವೂಲಿ ಒಪ್ಪಲಿಲ್ಲ, ಮತ್ತೆ ಅಗೆಸಿದರು. ಸುಮಾರು 8 ಅಡಿ ಮಣ್ಣಿನ ಕೆಳಗೆ ಚಿತ್ತಾರದ ಮಡಕೆಗಳು, ಕಲ್ಲಿನ ಉಪಕರಣಗಳು! ಅದು ಉಬೈದ್ ಕಾಲದ ರೈತರ ನೆಲೆ.

ಇದು ಪ್ರವಾದಿ ನೂಹ್(ಅ)ರ ಕಾಲದ ಪ್ರಳಯವೆಂದೇ ವೂಲಿ ಸಾರಿದರು. ಆದರೆ ಸಮೀಪದ ಎರಿದುವಿನಲ್ಲಿ ಅಂಥ ಪದರ ಸಿಗಲಿಲ್ಲ. ಕಿಶ್, ಶುರುಪ್ಪಕ್‌ಗಳ ನೆರೆಯ ಪದರಗಳು ಬೇರೆ ಕಾಲದವು. ನದಿಗಳು ಹಲವು ಬಾರಿ, ಹಲವೆಡೆ ಉಕ್ಕಿದ್ದವು.

ಬಾರ್ಲಿ ಕೊಯ್ಲಿಗೆ ಬರುವ ವಸಂತದಲ್ಲೇ ಉತ್ತರದ ಬೆಟ್ಟಗಳ ಹಿಮ ಕರಗಿ ಯೂಫ್ರಟಿಸ್ ತುಂಬುತ್ತಿತ್ತು. ಆದ್ದರಿಂದ ರೈತರು ಒಡ್ಡು, ಕಾಲುವೆ ಕಟ್ಟಲು ಕಲಿತರು. ಮನೆ ಮುಳುಗಿಸಿದ ಮಣ್ಣೇ ಅನ್ನವನ್ನೂ ಕೊಟ್ಟಿತು.

ಆ ಮೆಕ್ಕಲಿನಲ್ಲೇ ತೋಡಿದ್ದ ಗೋರಿಯೊಂದರಲ್ಲಿ ವೂಲಿಗೆ ಒಬ್ಬ ಪುರುಷನ ಅಸ್ಥಿಪಂಜರ ಸಿಕ್ಕಿತ್ತು. ಫಿಲಡೆಲ್ಫಿಯಾದ ಪೆನ್ ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ ದಶಕಗಳ ಕಾಲ ಮರೆತುಹೋಗಿದ್ದ ಅದರ ಗುರುತು ಪತ್ತೆಯಾದದ್ದನ್ನು 2014ರಲ್ಲಿ ಪ್ರಕಟಿಸಲಾಯಿತು. ಅದು ಸುಮಾರು 6,500 ವರ್ಷ ಹಳೆಯದು. ನೆರೆ ಇಳಿದ ಮೇಲೆ ಜನ ಅದೇ ನೆಲದಲ್ಲಿ ಬಾಳಿದರೆಂಬುದಕ್ಕೆ ಅವನೇ ಸಾಕ್ಷಿ.

ಓದುಗರೇ, ಇತಿಹಾಸವನ್ನು ವೂಲಿಯವರಂತೆ ಆಳಕ್ಕೆ ಅಗೆಯಿರಿ; ತೀರ್ಮಾನಕ್ಕೆ ಮಾತ್ರ ಆತುರಪಡಬೇಡಿ.