ಫೆಲಿಕ್ಸ್ ಗ್ರಂಡಿ: ಗಡಿನಾಡಿನ ಒಬ್ಬ ನ್ಯಾಯವಾದಿ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಚರಿತ್ರೆಯನ್ನು ಅಧ್ಯಕ್ಷರ ಪರಂಪರೆಯಿಂದ ಅಳೆಯುವುದು ರೂಢಿ. ಆದರೆ ಆ ರಾಷ್ಟ್ರದ ಪಶ್ಚಿಮದ ಗಡಿನಾಡು ರೂಪುಗೊಂಡ ಬಗೆಯನ್ನು ಅರಿಯಬೇಕಾದರೆ ಎರಡನೆಯ ಸಾಲಿನ ಪುರುಷರನ್ನೂ ನೋಡಬೇಕು. ಅಂಥವರಲ್ಲಿ ಫೆಲಿಕ್ಸ್ ಗ್ರಂಡಿಯು ಒಬ್ಬನು.

ಈತನು 1777ರಲ್ಲಿ ವರ್ಜೀನಿಯದಲ್ಲಿ ಜನಿಸಿದನು. ಈತನ ಬಾಲ್ಯದಲ್ಲಿಯೇ ಕುಟುಂಬವು ಪಶ್ಚಿಮಕ್ಕೆ ಸಾಗಿ ಕೆಂಟಕಿಯಲ್ಲಿ ನೆಲಸಿತು. ವಲಸೆಗಾರರಿಗೂ ಮೂಲನಿವಾಸಿಗಳಿಗೂ ನೆಲಕ್ಕಾಗಿ ನಡೆದ ಕಲಹದಲ್ಲಿ ಈತನ ಸಹೋದರರು ಹತರಾದರು. ಜಾರ್ಜ್ ನಿಕಲಸ್ ಎಂಬ ಪ್ರಸಿದ್ಧ ವಕೀಲನಲ್ಲಿ ಕಾನೂನನ್ನು ಅಭ್ಯಸಿಸಿ, ಇಪ್ಪತ್ತೆರಡು ವರ್ಷ ತುಂಬುವ ಮೊದಲೇ ಗ್ರಂಡಿಯು 1799ರ ಕೆಂಟಕಿ ರಾಜ್ಯಾಂಗ ಸಭೆಯ ಸದಸ್ಯನಾದನು.

ಆ ಕಾಲದಲ್ಲಿ ಜಿಲ್ಲಾ ನ್ಯಾಯಾಲಯಗಳು ಕೆಲವೇ ಊರುಗಳಲ್ಲಿದ್ದವು. ಸಾಕ್ಷಿಗಳನ್ನು ಕರೆದುಕೊಂಡು ಕಾಡುದಾರಿಯಲ್ಲಿ ಅಲ್ಲಿಗೆ ಹೋಗಿಬರುವುದು ಬಡ ಒಕ್ಕಲಿಗನ ಶಕ್ತಿಗೆ ಮೀರಿದ ಕಾರ್ಯವಾಗಿತ್ತು. ಗ್ರಂಡಿಯು ಮುಂದಾಳಾಗಿ ನಿಂತು ಹೋರಾಡಿದುದರಿಂದ 1802ರಲ್ಲಿ ನ್ಯಾಯಾಧೀಶನು ಕೌಂಟಿಯಿಂದ ಕೌಂಟಿಗೆ ಸಂಚರಿಸುವ ವ್ಯವಸ್ಥೆಯು ಶಾಸನವಾಯಿತು. ನ್ಯಾಯವು ಪ್ರಜೆಯ ಬಾಗಿಲಿಗೆ ಬರಬೇಕೆಂಬುದೇ ಇದರ ತತ್ತ್ವ. 1807ರಲ್ಲಿ ಈತನು ಕೆಂಟಕಿಯ ಮುಖ್ಯ ನ್ಯಾಯಾಧೀಶನಾದನು. ಆದರೆ ಬೇಗನೆ ಆ ಪದವಿಯನ್ನು ಬಿಟ್ಟು ಟೆನೆಸಿಯ ನ್ಯಾಶ್‌ವಿಲ್ ನಗರಕ್ಕೆ ಬಂದು, ಮರಣದಂಡನೆಯ ಭಯದಲ್ಲಿದ್ದ ಆಪಾದಿತರ ಪರವಾಗಿ ವಾದಿಸುವುದರಲ್ಲಿ ಅಪಾರ ಕೀರ್ತಿಯನ್ನು ಪಡೆದನು. ಮುಂದೆ ಅಧ್ಯಕ್ಷನಾದ ಜೇಮ್ಸ್ ಪೋಕನು ಕಾನೂನು ಕಲಿತದ್ದು ಈತನ ಬಳಿಯಲ್ಲಿಯೇ.

1811ರಲ್ಲಿ ಕಾಂಗ್ರೆಸ್ ಸಭೆಯನ್ನು ಸೇರಿದ ಗ್ರಂಡಿಯು ಇಂಗ್ಲೆಂಡಿನೊಡನೆ ಯುದ್ಧವಾಗಬೇಕೆಂದು ಪ್ರತಿಪಾದಿಸಿದನು. ಮೂಲನಿವಾಸಿಗಳನ್ನು ಆಂಗ್ಲರೇ ಪ್ರಚೋದಿಸುತ್ತಿರುವರೆಂದು ಆರೋಪಿಸಿ, ತನ್ನ ಸಹೋದರರ ಮರಣವನ್ನು ಸಭೆಗೆ ನೆನಪಿಸಿದನು. ಮನೆಯ ದುಃಖವು ಹೀಗೆ ರಾಜಕೀಯ ವಾದವಾಯಿತು. ಮರುವರ್ಷ ಯುದ್ಧವೂ ಸಾರಲ್ಪಟ್ಟಿತು. 1819ರ ಆರ್ಥಿಕ ಕುಸಿತದಿಂದ ಸಾಲಗಾರರು ಕಂಗೆಟ್ಟಾಗ, ಅವರ ನೆರವಿಗಾಗಿ 1820ರಲ್ಲಿ ಟೆನೆಸಿಯಲ್ಲಿ ಸರಕಾರಿ ಬ್ಯಾಂಕು ಸ್ಥಾಪಿತವಾಗುವಂತೆ ಮಾಡಿದವನೂ ಈತನೇ.

ಇಷ್ಟರಿಂದಲೇ ಈತನನ್ನು ದೀನರ ಪಕ್ಷಪಾತಿಯೆಂದು ನಿರ್ಣಯಿಸಬಹುದೇ? 1830ರಲ್ಲಿ ಮೂಲನಿವಾಸಿಗಳನ್ನು ಮಿಸಿಸಿಪಿ ನದಿಯಾಚೆಗೆ ಸಾಗಿಸುವ ಮಸೂದೆಯು ಸೆನೆಟ್ ಸಭೆಯಲ್ಲಿ 28–19 ಮತಗಳಿಂದ ಅಂಗೀಕೃತವಾದಾಗ ಸೆನೆಟರ್ ಗ್ರಂಡಿಯು ಅದರ ಪಕ್ಷದಲ್ಲಿದ್ದನು. ಚೆರೋಕಿಗಳ ನೆಲದಲ್ಲಿ ಜಾರ್ಜಿಯದ ಶಾಸನಗಳು ಸಲ್ಲವೆಂದು ಪರಮೋಚ್ಚ ನ್ಯಾಯಾಲಯವು 1832ರಲ್ಲಿ ತೀರ್ಪಿತ್ತರೂ ಅದು ಅವರನ್ನು ಕಾಯಲಿಲ್ಲ. 1838ರಲ್ಲಿ ಗ್ರಂಡಿಯು ರಾಷ್ಟ್ರದ ಅಟಾರ್ನಿ ಜನರಲ್ ಪದವಿಗೇರಿದನು. ಅದೇ ವರ್ಷದ ಶರತ್ಕಾಲದಲ್ಲಿ ಹೊರದೂಡಲ್ಪಟ್ಟ ಚೆರೋಕಿಗಳ ತಂಡಗಳು ಈತನ ಊರಾದ ನ್ಯಾಶ್‌ವಿಲ್ಲನ್ನೇ ಹಾದು ಪಶ್ಚಿಮಕ್ಕೆ ನಡೆದುಹೋದವು.

1840ರಲ್ಲಿ ಗ್ರಂಡಿಯು ಕಾಲವಾದನು. ನ್ಯಾಯಾಲಯವನ್ನು ಬಡವನ ಸಮೀಪಕ್ಕೆ ತಂದ ಈತನ ಕಾರ್ಯವು ಶ್ಲಾಘ್ಯವೇ ಸರಿ. ಆದರೆ ಯಾರ ನೆಲದ ಮೇಲೆ ಆ ನ್ಯಾಯಾಲಯವು ನಿಂತಿತೋ ಅವರಿಗೆ ಅದರ ಬಾಗಿಲು ತೆರೆಯಲಿಲ್ಲ. ಈ ಎರಡನ್ನೂ ಒಟ್ಟಿಗೆ ಹೇಳದ ಚರಿತ್ರೆಯು ಅಪೂರ್ಣವಾದುದು.