ವಿ.ಪಿ. ಪಾರ್ಸಲ್‌ನಿಂದ ಆನ್‌ಲೈನ್ ಪಾರ್ಸಲ್ ತನಕ: ಕೊಟ್ಟ ರೊಕ್ಕ ವಾಪಸ್ ಬರೋ ಹಾದಿ

ರೊಕ್ಕ ಮೊದಲ ಕೊಟ್ಟು ಸಾಮಾನು ಆಮ್ಯಾಲೆ ನೋಡೋ ವ್ಯಾಪಾರ ಈ ಮೊಬೈಲ್ ಬಂದ ಮ್ಯಾಲೆ ಶುರುವಾತು ಅಂತ ನಮ್ಮ ಓಣ್ಯಾಗ ಎಲ್ಲಾರೂ ಅಂತಾರ. ಅದು ಖರೇ ಅಲ್ಲ. ನಮ್ಮ ಮುತ್ತಜ್ಜನ ಕಾಲಕ್ಕೂ ಇದು ಇತ್ತು. ಆಗ ಇದಕ್ಕ ವಿ.ಪಿ. ಅಂತಿದ್ರು. ಅಂದ್ರ ವ್ಯಾಲ್ಯೂ ಪೇಯಬಲ್ ಪೋಸ್ಟ್. ನಮ್ಮ ದೇಶದ ಅಂಚೆ ಇಲಾಖೆ ಇದನ್ನ 1877ರಾಗ ಚಾಲೂ ಮಾಡ್ತು.

ಆ ಹೊತ್ತಿನ್ಯಾಗ ನಮ್ಮ ಈ ನಾಲ್ಕು ಊರಿನ ವಿಳಾಸನೂ ಬ್ಯಾರೇನ ಇತ್ತು ನೋಡ್ರಿ. ಹಾನಗಲ್ಲ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲಾದಾಗ. ಹಿರೇಕೆರೂರು ಕೋಡ ತಾಲೂಕಿನ ಕಚೇರಿ ಇದ್ದ ಊರು, ಶಿಗ್ಗಾಂವಿ ಬಂಕಾಪುರ ತಾಲೂಕಿನ ಕಚೇರಿ ಇದ್ದ ಊರು. ಸವಣೂರು ಅಂತೂ 1948ರ ತನಕ ನವಾಬರ ಸಂಸ್ಥಾನ.

ವಿ.ಪಿ. ವ್ಯವಹಾರ ಹಿಂಗ ನಡೀತಿತ್ತು. ಜಾಹೀರಾತು ನೋಡಿ ಒಂದು ಕಾರ್ಡ್ ಬರೆಯೋದು. ಅಂವ ಗಂಟು ಕಟ್ಟಿ ಕಳಸ್ತಾನ. ಅಂಚೆಯಂವ ಬಾಗ್ಲಿಗೆ ತರ್ತಾನ. ರೊಕ್ಕ ಎಣಿಸಿ ಅವನ ಕೈಯಾಗ ಇಟ್ಟ ಮ್ಯಾಲೇನ ಸುತ್ಲಿ ಬಿಚ್ಚೋದು. ಒಳಗ ಗಡಿಯಾರ ಐತೋ ಹಂಚಿನ ಚೂರು ಐತೋ, ಅದು ದೇವ್ರಿಗೇ ಗೊತ್ತು. ಮೋಸ ಆಗ್ತಿತ್ತು ಅನ್ನಾಕ ದೊಡ್ಡ ಸಾಕ್ಷಿ ಸರಕಾರದ ಕಾನೂನೇ. 1898ರ ಅಂಚೆ ಕಾಯ್ದೆದಾಗ ವಿ.ಪಿ. ಸಲುವಾಗಿ ಒಂದು ಮಾತು ಸೇರಿಸಿದ್ರು: ಮೋಸ ಆದಲ್ಲಿ ಆ ರೊಕ್ಕ ತಡೆಹಿಡಿದು ತಗೊಂಡವರಿಗೇ ವಾಪಸ್ ಕೊಡಾಕ ನಿಯಮ ಮಾಡಬಹುದು ಅಂತ. ಖರೇ ಆರ್ಡರ್ ಬಂದದ್ದಕ್ಕೇ ಸಾಮಾನು ಕಳಸಾಕತ್ತೀನಿ ಅಂತ ಕಳಿಸಾಂವನ ಕಡೆ ಬರೆಸಿಕೊಳ್ಳಾಕೂ ಆ ಕಾಯ್ದೆದಾಗ ಅವಕಾಶ ಇತ್ತು. ನೂರು ವರ್ಷಕ್ಕೂ ಹಳೇ ರಿಫಂಡ್ ಇದು! ಓದಿದಾಗ ನನಗ ನಗು ಬಂತು, ಸಿಟ್ಟೂ ಬಂತು. ಇಷ್ಟು ಹಳೇ ಮಾತಿಗೆ ಇವತ್ತೂ ನಾವು ಕಸ್ಟಮರ್ ಕೇರ್‌ನವರ ಮುಂದ ಗೋಗರೀಬೇಕಾ?

1930ರ ಸರಕು ಮಾರಾಟದ ಕಾಯ್ದೆದಾಗೂ ಎರಡು ಒಳ್ಳೇ ಮಾತು ಅದಾವ. ಹೇಳಿ ಮಾರಿದ ಸಾಮಾನು ಹೇಳಿದಂಗೇ ಇರಬೇಕು. ಮೊದಲ ನೋಡದ ಸಾಮಾನನ್ನ ಬಿಚ್ಚಿ ನೋಡಾಕ ಸರಿಯಾದ ಅವಕಾಶ ಸಿಗೋತನಕ ತಗೊಂಡಾಂವ ಒಪ್ಪಿಕೊಂಡಾನ ಅಂತ ಲೆಕ್ಕ ಹಿಡಿಯಂಗಿಲ್ಲ. ಆದ್ರ ಇದನ್ನ ಕೇಳಬೇಕಂದ್ರ ಸಿವಿಲ್ ಕೋರ್ಟು, ವಕೀಲರು, ಸ್ಟಾಂಪು, ವರ್ಷಗಟ್ಟಲೆ ತಾರೀಖು. ಮಿಕ್ಸರ್ ಸಲುವಾಗಿ ಯಾರು ಸಿವಿಲ್ ಕೋರ್ಟಿಗೆ ಹೋಗ್ತಾರ? ಹಿಂಗಾಗಿ ಅಂಗಡ್ಯಾಂವ ಬಿಲ್ಲಿನ ಕೆಳಗ ‘ಒಮ್ಮೆ ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ’ ಅಂತ ಅಚ್ಚು ಹಾಕಿಸಿದ್ದೇ ನಮಗ ಕಾನೂನು ಆಗಿಬಿಡ್ತು. ಆದ್ರೂ ಅಂಗಡಿ ಊರಾಗಿತ್ತು. ನಮ್ಮತ್ತಿ ಕೆಟ್ಟ ರೇಡಿಯೋ ಬಗಲಾಗ ಇಟ್ಕೊಂಡು ಹೋಗಿ ಅಂಗಡಿ ಕಟ್ಟಿ ಮ್ಯಾಲೆ ಕುಂತಿದ್ದಳಂತ. ಬಂದ ಗಿರಾಕಿಗೆಲ್ಲಾ ಕಥಿ ಹೇಳಾಕ ಹತ್ತಿದ ಕೂಡ್ಲೆ ಅಂಗಡ್ಯಾಂವ ಬ್ಯಾರೆ ರೇಡಿಯೋ ತೆಗೆದುಕೊಟ್ಟ. ಆನ್‌ಲೈನ್ ಅಂಗಡಿಗೆ ಕುಂದ್ರಾಕ ಕಟ್ಟಿನೇ ಇಲ್ಲ.

1986ರ ಡಿಸೆಂಬರ್ 24ಕ್ಕ ಗ್ರಾಹಕರ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದಕ್ಕೇ ಆ ದಿನ ನಮ್ಮ ದೇಶದಾಗ ಗ್ರಾಹಕರ ದಿನ. ಜಿಲ್ಲಾಕ್ಕೊಂದು ವೇದಿಕೆ, ವಕೀಲರು ಇರಲೇಬೇಕಂತಿಲ್ಲ, ಮೊದಲ ಒಂದು ಲಕ್ಷದೊಳಗಿನ ತಕರಾರು ಅಲ್ಲಿ ನಡೀತಿತ್ತು. ಕಾಯ್ದೆ ಚಲೋನೇ ಇತ್ತು. ಆದ್ರ ನಮಗ ಜಿಲ್ಲಾ ಅಂದ್ರ ಧಾರವಾಡ. ಹಿರೇಕೆರೂರಿನ ಹೆಣ್ಮಗಳು ಮುಂಜಾನೆ ರೊಟ್ಟಿ ಬಡದಿಟ್ಟು, ಹಾವೇರಿ, ಹುಬ್ಬಳ್ಳಿ ದಾಟಿ ಧಾರವಾಡಕ್ಕ ಹೋಗಿ ತಕರಾರು ಕೊಟ್ಟು ಸಂಜಿಗೆ ಮನಿ ಮುಟ್ಟೋದು ಆಗೋ ಮಾತಾ? 1997ರ ಆಗಸ್ಟ್‌ನಾಗ ಹಾವೇರಿ ಜಿಲ್ಲಾ ಆತು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ಇದರಾಗ ಬಂದ್ವು. ಡಿ.ಸಿ. ಆಫೀಸು, ಆಸ್ಪತ್ರಿ ಅಂತ ಮಂದಿ ಹಿಗ್ಗಿದ್ರು. ನನಗ ಕೇಳಿದ್ರ ಜಿಲ್ಲಾ ಒಡದದ್ದರಾಗ ನಮ್ಮಂಥವರಿಗೆ ಸಿಕ್ಕ ದೊಡ್ಡ ಲಾಭ ಅಂದ್ರ ನ್ಯಾಯ ಕೇಳೋ ಜಾಗ ಹತ್ರ ಬಂದದ್ದು.

ಅಷ್ಟರಾಗ ಅಂಗಡೀನೇ ಊರು ಬಿಟ್ಟು ಹೋತು. ಬೆಂಗಳೂರಾಗ 2007ರಾಗ ಪುಸ್ತಕ ಮಾರಾಕ ಶುರುವಾದ ಫ್ಲಿಪ್‌ಕಾರ್ಟ್ 2010ರಾಗ ಕ್ಯಾಶ್ ಆನ್ ಡೆಲಿವರಿ ತಂತು. ಅದು ವಿ.ಪಿ.ಯ ಮೊಮ್ಮಗಳು ಅಂದ್ರೂ ನಡೀತೈತಿ. ಮೊಬೈಲ್, ಟಿ.ವಿ., ಮಿಕ್ಸರ್ ಎಲ್ಲಾ ಬಾಗ್ಲಿಗೆ ಬರಾಕ ಹತ್ತಿದ್ವು. ಕೆಟ್ಟರ ಮಾತ್ರ ಯಾರನ್ನ ಹಿಡಿಯೋದು? ಆರ್ಡರ್ ತಗೊಂಡ ಕಂಪನಿ ಒಂದು, ಮಾರಿದಾಂವ ಇನ್ನೊಂದು ರಾಜ್ಯದಾಂವ, ತಂದುಕೊಟ್ಟ ಹುಡುಗ ಮತ್ತೊಬ್ಬರ ಕಡೆಯಾಂವ. ಹಳೇ ಕಾಯ್ದೆ ಪ್ರಕಾರ ಎದುರಿನಾಂವ ವ್ಯಾಪಾರ ಮಾಡೋ ಜಾಗ, ಇಲ್ಲಾ ತಕರಾರು ಹುಟ್ಟಿದ ಜಾಗದಾಗ ಕೇಸು ಹಾಕಬೇಕಿತ್ತು. ಆನ್‌ಲೈನ್ ತಕರಾರು ಎಲ್ಲಿ ಹುಟ್ತು ಅನ್ನೋದರ ಮ್ಯಾಲೇನ ಜಗಳ ಆಗ್ತಿತ್ತು.

ಈ ಗಂಟು ಬಿಚ್ಚಿದ್ದು 2019ರ ಹೊಸ ಕಾಯ್ದೆ. ಇದು 2020ರ ಜುಲೈ 20ಕ್ಕ ಜಾರಿಗೆ ಬಂತು. ವೇದಿಕೆ ಹೋಗಿ ‘ಜಿಲ್ಲಾ ಆಯೋಗ’ ಆತು. ತಗೊಂಡಾಕಿ ತಾನಿರೋ ಊರಿನ, ಇಲ್ಲಾ ದುಡಿಯೋ ಊರಿನ ಜಿಲ್ಲಾದಾಗೇ ತಕರಾರು ಕೊಡಬಹುದು. ಕಂಪನಿ ದಿಲ್ಲ್ಯಾಗಿದ್ರೂ ಹಾವೇರಿಗೆ ಉತ್ತರ ಕೊಡಬೇಕು. ಐದು ಲಕ್ಷದ ತನಕದ ಸಾಮಾನಿಗೆ ಫೀಸೂ ಇಲ್ಲ. ಮೂರು ದಿನ ಬಿಟ್ಟು ಇ-ಕಾಮರ್ಸ್ ನಿಯಮ ಬಂದ್ವು. ಸಾಮಾನು ಕೆಟ್ಟಿದ್ರ, ನಕಲಿ ಇದ್ರ, ಜಾಹೀರಾತಿನ್ಯಾಗ ತೋರಿಸಿದಂಗ ಇರದಿದ್ರ ಮಾರಿದಾಂವ ವಾಪಸ್ ತಗೊಳ್ಳೋದಿಲ್ಲ, ರೊಕ್ಕ ಕೊಡೋದಿಲ್ಲ ಅನ್ನಂಗಿಲ್ಲ. ಪ್ರತಿ ಕಂಪನಿ ಕುಂದುಕೊರತೆ ಅಧಿಕಾರಿನ್ನ ಇಟ್ಟು, 48 ತಾಸಿನ್ಯಾಗ ದೂರು ಮುಟ್ಟಿತು ಅಂತ ಹೇಳಿ, ಒಂದು ತಿಂಗಳದಾಗ ಬಗೆಹರಿಸಬೇಕು. ಆ ಬಿಲ್ಲಿನ ಕೆಳಗಿನ ಸಾಲಿಗೂ ಹೊಸ ಕಾಯ್ದೆ ಉತ್ತರ ಕೊಟ್ಟೈತಿ. ಬಿಲ್ಲಿನ್ಯಾಗ ಅವಧಿ ಬರೆದಿದ್ರ ಅಷ್ಟರೊಳಗ, ಬರೀದಿದ್ರ 30 ದಿನದೊಳಗ, ಕೆಟ್ಟ ಸಾಮಾನು ವಾಪಸ್ ತಗೊಳ್ಳದಿದ್ರ ಅದು ಅನುಚಿತ ವ್ಯಾಪಾರ.

2022ರಾಗ ನಮ್ಮ ಅಡಗಿಮನಿ ತನಕಾನೂ ಇದು ಬಂತು. ಸರಕಾರದ ಗುಣಮಟ್ಟದ ಆದೇಶಕ್ಕ ಸರಿ ಹೊಂದದ ಪ್ರೆಶರ್ ಕುಕ್ಕರ್ ತಮ್ಮ ಜಾಲತಾಣದಾಗ ಮಾರಾಕ ಬಿಟ್ಟದ್ದಕ್ಕ ಅಮೆಜಾನ್‌ಗೂ ಫ್ಲಿಪ್‌ಕಾರ್ಟ್‌ಗೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಲಕ್ಷ ಲಕ್ಷ ದಂಡ ಹಾಕ್ತು. ಕುಕ್ಕರ್ ವಾಪಸ್ ತಗೊಂಡು ರೊಕ್ಕ ಕೊಡ್ರಿ ಅಂತು. ಅವರು ದಿಲ್ಲಿ ಹೈಕೋರ್ಟಿಗೆ ಹೋದ್ರು, ಆ ಮಾತು ಬ್ಯಾರೆ.

ಇಷ್ಟೆಲ್ಲಾ ಓದಾಕ ಹಚ್ಚಿದ್ದು ಹಿರೇಕೆರೂರಿನ ನಮ್ಮ ನಾದ್ನಿ. ಜಂಪರ್ ಹೊಲಿದು ಕೂಡಿಟ್ಟ ಹದಿಮೂರು ಸಾವಿರ ಕೊಟ್ಟು ಮಗಳ ಕಾಲೇಜಿಗೆ ಅಂತ ಫೋನು ತರಿಸಿದ್ಲು. ಬಂದ ಫೋನು ಚಾಲೂನೇ ಆಗ್ಲಿಲ್ಲ. ವಾಪಸ್ ಒಯ್ದ ಮ್ಯಾಲೆ ಕಂಪನಿಯವರು ‘ನೀವು ಕೊಟ್ಟ ಫೋನಿನ ನಂಬರ್ ಬ್ಯಾರೆ ಐತಿ’ ಅಂದ್ರು. ಅಂದ್ರ ಫೋನು ಬದಲು ಮಾಡ್ಯಾಳ ಅಂತ ಆಕಿ ಮ್ಯಾಲೇನ ಕಳವಿನ ಮಾತು! ಪುಣ್ಯಾಕ್ಕ ಮಗಳು ಡಬ್ಬಿ ಬಿಚ್ಚುವಾಗ ವಿಡಿಯೋ ಮಾಡಿದ್ಲು. ಡಬ್ಬಿ ಮ್ಯಾಲಿನ ಐ.ಎಂ.ಇ.ಐ. ನಂಬರ್, ಬಿಲ್ಲಿನ ನಂಬರ್ ಅದರಾಗ ಕಾಣ್ತಿದ್ವು. 1915ಕ್ಕ ಫೋನ್ ಹಚ್ಚಿ ದೂರು ಬರೆಸಿದ್ವಿ. ಇದು ಸರಕಾರದ ಗ್ರಾಹಕ ಸಹಾಯವಾಣಿ, ಕನ್ನಡದಾಗೂ ಮಾತಾಡ್ತಾರ. ಆಮ್ಯಾಲೆ ಕಂಪನಿಯವರು ಕೂಪನ್ ಕೊಡ್ತೀವಿ ಅಂದ್ರು. ಆಕಿ ಒಲ್ಲೆ ಅಂದ್ಲು. ‘ನಾ ಕೂಪನ್ ಹೊಲೀಲಿಲ್ಲ, ಜಂಪರ್ ಹೊಲಿದೀನಿ’ ಅಂದ ಮಾತು ನಮ್ಮ ಮನ್ಯಾಗ ಈಗ ಗಾದಿ ಆಗೈತಿ. ಕಡೀಕ ‘ರಿಫಂಡ್ ಆಗೈತಿ’ ಅಂತ ಮೆಸೇಜು ಬಂತು, ಖಾತೇದಾಗ ಮಾತ್ರ ಏನೂ ಇಲ್ಲ. ಬ್ಯಾಂಕಿನವರು ಕಂಪನಿ ಕೇಳ್ರಿ ಅಂದ್ರು, ಕಂಪನಿಯವರು ಬ್ಯಾಂಕ್ ಕೇಳ್ರಿ ಅಂದ್ರು. ಯು.ಟಿ.ಆರ್. ನಂಬರ್ ಕೊಡ್ರಿ ಅಂತ ಬರವಣಿಗಿಲೆ ಕೇಳಿದ ಮ್ಯಾಲೆ ಗೊತ್ತಾತು, ಆರ್ಡರ್ ಹಾಕಿಕೊಟ್ಟ ಅಳಿಯನ ಖಾತೇಕ್ಕ ರೊಕ್ಕ ಹೋಗಿತ್ತು.

ಇದು ನಮ್ಮ ಬಹಳಷ್ಟು ಮನ್ಯಾಗ ಆಗೋದೇ. ರೊಕ್ಕ ಆಕೀದು, ಫೋನು ಅವಂದು, ಖಾತೆ ಇನ್ನೊಬ್ಬರದು. ಕಾನೂನಿನ್ಯಾಗ ತಗೊಂಡಾವರಷ್ಟೇ ಅಲ್ಲ, ಅವರ ಒಪ್ಪಿಗಿಲೆ ಆ ಸಾಮಾನು ಬಳಸಾಕಿನೂ ಗ್ರಾಹಕಿನೇ. ಬಿಲ್ಲು ಗಂಡನ ಹೆಸರಿಗೆ ಐತಿ, ನಾ ಏನ್ ಕೇಳ್ಲಿ ಅಂತ ಸುಮ್ನಿರೋದು ಬ್ಯಾಡ. ಎರಡು ವರ್ಷದೊಳಗ ಆಯೋಗಕ್ಕ ತಕರಾರು ಕೊಡಬಹುದು. 2025ರ ಜನವರಿ 1ರಿಂದ ಇ-ಜಾಗೃತಿ ಅನ್ನೋ ಜಾಲತಾಣದಾಗ ಮನ್ಯಾಗ ಕುಂತೇ ಹಾಕಾಕ ಬರ್ತೈತಿ. ಕಾಯ್ದೆ ಪ್ರಕಾರ ಪರೀಕ್ಷೆಗೆ ಕಳಸೋದು ಇರದಿದ್ರ ಮೂರು ತಿಂಗಳದಾಗ, ಇದ್ರ ಐದು ತಿಂಗಳದಾಗ ತೀರ್ಪು ಕೊಡಾಕ ಪ್ರಯತ್ನ ಮಾಡಬೇಕು. ತಾರೀಖು ಮುಂದ ಹೋಗೋದೂ ಉಂಟು, ಅದನ್ನ ಮುಚ್ಚಿಡಂಗಿಲ್ಲ.

ಇನ್ನೊಂದು ಮಾತು. ಕಸ್ಟಮರ್ ಕೇರ್ ನಂಬರ್ ಅಂತ ಗೂಗಲ್‌ನಾಗ ಹುಡುಕಬ್ಯಾಡ್ರಿ, ಕಂಪನಿ ಆ್ಯಪಿನ ಒಳಗಿನದ್ದೇ ತಗೋರಿ. ರಿಫಂಡ್ ಕೊಡ್ತೀನಿ, ಪಿನ್ ಒತ್ರಿ ಅಂದ್ರ ಅಂವ ಕಳ್ಳ. ರೊಕ್ಕ ಬರಾಕ ಯು.ಪಿ.ಐ. ಪಿನ್ ಬೇಕಾಗಿಲ್ಲ. ಹೋದ್ರ ತಡಾ ಮಾಡದ 1930ಕ್ಕ ಹಚ್ರಿ.