ಲೋಕ ಹುಟ್ಟಿದ ಕತೆಯಲ್ಲಿ ನಮ್ಮ ಜಾಗ

ಲೋಕ ಹೇಗೆ ಹುಟ್ಟಿತು ಅನ್ನೋದು ಹೊಟ್ಟೆ ತುಂಬಿದವರ ಪ್ರಶ್ನೆ, ಕೂಲಿ ಮತ್ತು ಭೂಮಿ ನಮ್ಮ ಪ್ರಶ್ನೆ ಅಂತ ನಮ್ಮ ಗೆಳೆಯರೇ ಹಲವರು ವಾದಿಸುತ್ತಾರೆ. ನಾವೂ ಹಾಗೇ ಅಂದುಕೊಂಡಿದ್ದೆವು. ಆದರೆ ನಮ್ಮನ್ನು ಊರಾಚೆ ಇಟ್ಟವರಿಗೆ ಈ ಪ್ರಶ್ನೆ ಎಷ್ಟು ಮುಖ್ಯವಾಗಿತ್ತು ನೋಡಿ. ಋಗ್ವೇದದ ಪುರುಷಸೂಕ್ತ ಸೂರ್ಯ ಚಂದ್ರರ ಹುಟ್ಟನ್ನೂ ಬ್ರಾಹ್ಮಣ ಶೂದ್ರರ ಹುಟ್ಟನ್ನೂ ಒಂದೇ ಉಸಿರಿಗೆ ಹೇಳುತ್ತದೆ. ಬ್ರಾಹ್ಮಣ ಬಾಯಿ, ಶೂದ್ರ ಪಾದ. ಪಂಚಮರಿಗೆ ಆ ಪಾದದಲ್ಲೂ ಜಾಗವಿಲ್ಲ. ಹಗಲು ರಾತ್ರಿಯಷ್ಟೇ ಸಹಜ ಈ ಮೇಲುಕೀಳು ಅಂತ ಆಯ್ತು. ಬಾಬಾಸಾಹೇಬರು 1946ರಲ್ಲಿ 'ಶೂದ್ರರು ಯಾರು?' ಪುಸ್ತಕ ಬರೆದಾಗ ಈ ಸೂಕ್ತವನ್ನೇ ಮೊದಲು ಕಟಕಟೆಗೆ ನಿಲ್ಲಿಸಿದ್ದು ಸುಮ್ಮನೆ ಅಲ್ಲ.

ಅದಕ್ಕೇ, ದೂರದ ನಾಡಿನಲ್ಲಿ ಇಂಥದೇ ಜಗಳ ಕೋರ್ಟಿನ ಮೆಟ್ಟಿಲು ಹತ್ತಿದ ಚರಿತ್ರೆ ನಮಗೂ ಬೇಕು.

1981ರ ಮಾರ್ಚಿನಲ್ಲಿ ಅಮೆರಿಕದ ಅರ್ಕಾನ್ಸಾಸ್ ರಾಜ್ಯದಲ್ಲಿ 590ನೇ ಕಾಯಿದೆ ಬಂತು. ವಿಶ್ವ ಮತ್ತು ಜೀವ ವಿಕಾಸವಾದ ಬಗೆಯನ್ನು ಶಾಲೆಯಲ್ಲಿ ಕಲಿಸಿದರೆ 'ಸೃಷ್ಟಿ ವಿಜ್ಞಾನ'ಕ್ಕೂ ಸಮಪಾಲು ಕೊಡಬೇಕು ಅಂತ. ಏನಿದು ಸೃಷ್ಟಿ ವಿಜ್ಞಾನ? ವಿಶ್ವ, ಶಕ್ತಿ, ಜೀವ ಎಲ್ಲ ಶೂನ್ಯದಿಂದ ಒಮ್ಮೆಗೇ ಆದವು. ಭೂಮಿಗೆ ಹೆಚ್ಚು ವಯಸ್ಸಾಗಿಲ್ಲ. ಒಂದು ಜಲಪ್ರಳಯ ಲೋಕವನ್ನೆಲ್ಲ ಮುಳುಗಿಸಿತ್ತು. ಬೈಬಲಿನ ಆದಿಕಾಂಡವೇ ಕೋಟು ಹಾಕಿಕೊಂಡು ಬಂದಿತ್ತು. ಶಾಸನಸಭೆಯ ಕೆಳಮನೆಯ ಸಮಿತಿ ಇದರ ವಿಚಾರಣೆ ನಡೆಸಿದ್ದು ಹದಿನೈದು ನಿಮಿಷ. ಒಬ್ಬ ವಿಜ್ಞಾನಿಯೂ ಅಲ್ಲಿ ಮಾತಾಡಲಿಲ್ಲ.

ಸಮಪಾಲು! ಅದೇ ರಾಜ್ಯದ ರಾಜಧಾನಿ ಲಿಟ್ಲ್ ರಾಕ್‌ನಲ್ಲಿ 1957ರಲ್ಲಿ ಒಂಬತ್ತು ಕಪ್ಪು ಮಕ್ಕಳು ಸೆಂಟ್ರಲ್ ಹೈಸ್ಕೂಲಿಗೆ ಹೋದರೆ ಗವರ್ನರನೇ ಬಂದೂಕಿನ ಪಡೆ ನಿಲ್ಲಿಸಿ ತಡೆದಿದ್ದ. ಅಧ್ಯಕ್ಷ ಐಸೆನ್‌ಹೋವರ್ ಸೈನ್ಯ ಕಳಿಸಿದ ಮೇಲೆಯೇ ಆ ಮಕ್ಕಳು ಕ್ಲಾಸಿನಲ್ಲಿ ನೆಲೆಯಾಗಿ ಕೂತದ್ದು. ಮಕ್ಕಳಿಗೆ ಸಮಪಾಲು ಕೊಡಿಸಲು ಸೈನ್ಯ ಬೇಕಾಯ್ತು. ಕತೆಗೆ ಸಮಪಾಲು ಕೊಡಿಸಲು ಹದಿನೈದು ನಿಮಿಷ ಸಾಕಾಯ್ತು.

ಕಾಯಿದೆಯ ವಿರುದ್ಧ ಕೇಸು ಹಾಕಿದವರು ನಾಸ್ತಿಕರಿರಬೇಕು ಅಂತ ನಾವು ಎಣಿಸಿದ್ದೆವು. ಓದಿ ನೋಡಿದರೆ ಮುಂದೆ ನಿಂತವರು ಪಾದ್ರಿಗಳು. ಮೊದಲ ಹೆಸರೇ ಬಿಲ್ ಮೆಕ್ಲೀನ್ ಅನ್ನೋ ಪಾದ್ರಿಯದು. ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚಿನ ಬಿಷಪ್ಪರೂ ಜೊತೆಗಿದ್ದರು. ಬಿಳಿಯರ ಚರ್ಚಿನೊಳಗೆ ಅವಮಾನ ಉಂಡು ಹೊರಬಂದ ಕಪ್ಪು ಜನ 1816ರಲ್ಲಿ ಕಟ್ಟಿಕೊಂಡ ಚರ್ಚು ಅದು. ನೋಹ ತನ್ನ ಮೊಮ್ಮಗ ಕಾನಾನನಿಗೆ ದಾಸನಾಗೆಂದು ಶಾಪ ಕೊಡುವ ಕತೆ ಇರುವುದೂ ಆದಿಕಾಂಡದಲ್ಲೇ. ಗುಲಾಮರನ್ನು ಇಟ್ಟುಕೊಂಡ ಒಡೆಯರು ಆ ಶಾಪವನ್ನೇ ಸನ್ನದಿನ ಹಾಗೆ ತೋರಿಸುತ್ತಿದ್ದರು. ನಮ್ಮ ಪಾದದ ಕತೆಗೆ ಇದು ಅಣ್ಣನೋ ತಮ್ಮನೋ.

ಡಿಸೆಂಬರಿನಲ್ಲಿ ಲಿಟ್ಲ್ ರಾಕ್‌ನಲ್ಲೇ ವಿಚಾರಣೆ ನಡೆಯಿತು. ಕಲ್ಲುಗಳ ವಯಸ್ಸನ್ನು ಅಳೆಯುವ ಬಗೆಯನ್ನು ಭೂವಿಜ್ಞಾನಿ ಡಾಲ್ರಿಂಪಲ್ ಬಿಡಿಸಿ ಹೇಳಿದರು. ಭೂಮಿಗೆ ಸುಮಾರು 454 ಕೋಟಿ ವರ್ಷ. ಸರ್ಕಾರದ ಕಡೆಯ ಸಾಕ್ಷಿಯಾಗಿ ಬಂದವರಲ್ಲಿ ಶ್ರೀಲಂಕಾದಲ್ಲಿ ಹುಟ್ಟಿದ ಖಗೋಳವಿಜ್ಞಾನಿ ಚಂದ್ರ ವಿಕ್ರಮಸಿಂಘೆ ಒಬ್ಬರು. ಭೂಮಿಯ ವಯಸ್ಸು ಹತ್ತು ಲಕ್ಷ ವರ್ಷಕ್ಕಿಂತ ಕಡಿಮೆ ಅಂತ ಬುದ್ಧಿ ಇರುವ ವಿಜ್ಞಾನಿ ಯಾರೂ ನಂಬಲಾರ ಅಂತ ಅವರೂ ಒಪ್ಪಿಬಿಟ್ಟರು! ಇವರನ್ನು ಸರ್ಕಾರ ಯಾಕೆ ಕರೆಸಿತು ಅಂತ ನ್ಯಾಯಾಧೀಶ ಓವರ್ಟನ್ ತೀರ್ಪಿನಲ್ಲೇ ಆಶ್ಚರ್ಯಪಟ್ಟರು. 1982ರ ಜನವರಿ 5ರಂದು ಕಾಯಿದೆ ಬಿತ್ತು. ತಪ್ಪು ಅಂತ ತೋರಿಸಿಕೊಡಲು ಬಾಗಿಲು ತೆರೆದಿಡದ ಮಾತು ವಿಜ್ಞಾನ ಆಗಲಾರದು ಅನ್ನೋದು ತೀರ್ಪಿನ ಒಂದು ಮುಖ್ಯ ಅಂಶ.

ಹಾಗಾದರೆ ವಿಶ್ವದ ಹುಟ್ಟಿಗೆ ವಿಜ್ಞಾನದ ಹತ್ತಿರ ಇರುವ ಸಾಕ್ಷಿ ಏನು? ವಿಶ್ವ ಒಂದು ಆದಿ ಅಣುವಿನಿಂದ ಹಿಗ್ಗಿತು ಅಂತ 1931ರಲ್ಲಿ ಹೇಳಿದ ಬೆಲ್ಜಿಯಂನ ಲೆಮೇತ್ರ್ ಕೂಡಾ ಪಾದ್ರಿಯೇ. 1951ರಲ್ಲಿ ಪೋಪರು ಇದನ್ನು ದೇವರ ಸೃಷ್ಟಿಗೆ ಆಧಾರವೆಂದು ಎತ್ತಿಕೊಂಡಾಗ ಅವರಿಗೆ ಅದು ಸರಿಕಾಣಲಿಲ್ಲ. ಗಟ್ಟಿ ಸಾಕ್ಷಿ ಸಿಕ್ಕಿದ್ದು ಆಮೇಲೆ, ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ. 1964ರಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಅಲ್ಲಿನ ದೊಡ್ಡ ಆಂಟೆನಾವನ್ನು ಯಾವ ದಿಕ್ಕಿಗೆ ತಿರುಗಿಸಿದರೂ ಒಂದೇ ಸಮನೆ ಗುಯ್‌ಗುಡುವ ಸದ್ದು. ಒಳಗೆ ಪಾರಿವಾಳ ಗೂಡು ಕಟ್ಟಿ ಹಿಕ್ಕೆ ಹಾಕಿದ್ದವು. ಅದರದೇ ಕಾಟವಿರಬೇಕು ಅಂತ ಇಬ್ಬರೂ ಒಳಗೆ ಹೊಕ್ಕು ಹಿಕ್ಕೆ ಬಳಿದರು. ಸದ್ದು ಹೋಗಲಿಲ್ಲ. ವಿಶ್ವದ ಎಳೆಗಾಲದ ಬಿಸಿ ಆರುತ್ತಾ ಆರುತ್ತಾ ಇಷ್ಟು ಉಳಿದಿದೆ ಅಂತ 1965ರಲ್ಲಿ ಗೊತ್ತಾಯ್ತು. ಈಗಿನ ಲೆಕ್ಕದಲ್ಲಿ ವಿಶ್ವಕ್ಕೆ ಸುಮಾರು 1380 ಕೋಟಿ ವರ್ಷ. ಇಬ್ಬರಿಗೂ 1978ರಲ್ಲಿ ನೊಬೆಲ್ ಬಂತು. ನಮ್ಮ ನಾಡಲ್ಲಿ ಬಳಿಯೋದಕ್ಕೆ ಒಂದು ಜಾತಿ, ಲೋಕದ ಮೂಲ ಹೇಳೋದಕ್ಕೆ ಇನ್ನೊಂದು ಜಾತಿ. ಅಲ್ಲಿ ಎರಡೂ ಕೆಲಸ ಮಾಡಿದ್ದು ಒಂದೇ ಕೈ.

ಜಗಳ ಮುಗಿದಿಲ್ಲ. 1999ರಲ್ಲಿ ಕಾನ್ಸಾಸ್ ರಾಜ್ಯದ ಶಿಕ್ಷಣ ಮಂಡಳಿ ಮಹಾಸ್ಫೋಟವನ್ನೂ ಪಠ್ಯಕ್ರಮದಿಂದ ತೆಗೆಯಿತು. ಮರುವರ್ಷ ಜನ ಓಟು ಹಾಕಿ ಮಂಡಳಿಯನ್ನೇ ಬದಲಿಸಿದರು, 2001ರಲ್ಲಿ ಪಾಠ ವಾಪಸು ಬಂತು. ನಮ್ಮಲ್ಲಿ 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗ ಹೋಯಿತು.

ನಾವು ಓದಿದ ಹಳ್ಳಿ ಶಾಲೆಯಲ್ಲಿ ಮೇಷ್ಟ್ರೊಬ್ಬರು ಮಹಾಸ್ಫೋಟದ ಪಾಠ ಮುಗಿಸಿ, "ಇದೆಲ್ಲ ನಮ್ಮ ವೇದದಲ್ಲಿ ಮೊದಲೇ ಇತ್ತು ಕಣ್ರೋ" ಅಂದಿದ್ದರು. ಕ್ಲಾಸೆಲ್ಲ ಚಪ್ಪಾಳೆ. ಹಿಂದಿನ ಬೆಂಚಿನ ನಾವೂ ತಟ್ಟಿದೆವು. ಹಂಗಾದ್ರೆ ಅದ್ರೊಳಗೆ ನಾವೆಲ್ಲಿದ್ದೀವಿ ಸಾ ಅಂತ ಕೇಳೋದು ಆಗ ಹೊಳೆಯಲಿಲ್ಲ.